ರೇಡಿಯೋ ದುಲ್ಮಾ

ನಮ್ಮ ಗೋಬಿ ಮರುಭೂಮಿಯ ಸೀಮೆಯಲ್ಲಿ, ಬಾವಿಯ ಸುತ್ತ ಡೇರೆ ಹಾಕಿದವರ ನಡುವೆ, ರೇಡಿಯೋ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ರೇಡಿಯೋ ತಾಯಿ ಬಾವಿಗೊಬ್ಬಳು ಇದ್ದೇ ಇರುತ್ತಾಳೆ. ನಮ್ಮ ಬಾವಿಯವಳು ದುಲ್ಮಾ. ರೇಡಿಯೋದ ಡಾಕ್ಟರಮ್ಮ ಕೈ ತೊಳೆಯಿರಿ ಎಂದ ದಿನದಿಂದ ಅವಳ ಡೇರೆಯಲ್ಲಿ ಚಹಾಕ್ಕೆ ಮೊದಲು ಸೋಪು ಸಿಗುತ್ತದೆ. "ಉಗುರು ತೋರ್ಸಜ್ಜಾ! ಅಬ್ಬಾ, ಅದ್ರೊಳಗೆ ಎರಡು ಕುರಿ ಮೇಯ್ಬೋದು!" ಎಂದು ನನ್ನನ್ನೂ ಬಾಗಿಲಲ್ಲೇ ತಡೆಯುತ್ತಾಳೆ. ತೊಳೆದೂ ತೊಳೆದೂ ಅವಳ ಗಂಡ ಗಾಲ್ಸನ್ನನ ಅಂಗೈಯ ಆಯುಷ್ಯರೇಖೆಯೇ ಅಳಿಸಿಹೋಗಿದೆ. ಅವರ ಒಂಟೆಯಂತೂ ಅವಳನ್ನು ಕಂಡರೆ ತಾನಾಗಿಯೇ ಪಾದ ಎತ್ತಿ ತೋರಿಸುತ್ತದೆ. ರೇಡಿಯೋ ಹೇಳಿದ್ದೆಲ್ಲ ಅವಳಿಗೆ ವೇದ, ಒಂದನ್ನು ಬಿಟ್ಟು. ಚೊಚ್ಚಲ ಕೂಸು ಭೇದಿಯಲ್ಲಿ ಹೋದ ಮೇಲೆ ಹುಟ್ಟಿದ ಮಗನಿಗೆ ಅವಳು ಇಟ್ಟ ಹೆಸರು ಎನೆಬಿಶ್, ಅಂದರೆ 'ಇದಲ್ಲ'. ಮಕ್ಕಳನ್ನು ಒಯ್ಯುವ ಪೀಡೆ ಬಂದರೂ ಮನೆ ತಪ್ಪಿತೆಂದು ಹಿಂತಿರುಗಲಿ ಅಂತ. "ತಾಯಂದಿರೇ, ನಿಮ್ಮ ಮಗು ಎಷ್ಟು ಬೆಳೆದಿದೆ?" ಎಂದು ಡಾಕ್ಟರಮ್ಮ ಕೇಳಿದ ಕೂಡಲೇ ದುಲ್ಮಾ ರೇಡಿಯೋಕ್ಕೆ ಕಂಬಳಿ ಹೊದಿಸುತ್ತಾಳೆ, ಬಾಯಿ ಇದ್ದದ್ದಕ್ಕೆ ಕಿವಿಯೂ ಇರಲೇಬೇಕಲ್ಲ! ಆಮೇಲೆ ಸದ್ದಿಲ್ಲದೆ ಸೊಂಟಪಟ್ಟಿಯಿಂದ ಮಗನನ್ನು ಅಳೆದು, ಹಳೆಯ ಗಂಟಿಗಿಂತ ನಾಲ್ಕು ಬೆರಳು ಮೇಲೆ ಹೊಸ ಗಂಟು ಹಾಕಿ, ಅವನ ನೆತ್ತಿಯನ್ನು ತುಂಬ ಹೊತ್ತು ಮೂಸುತ್ತಾಳೆ. ಕೊನೆಗೆ ಕಂಬಳಿ ಸರಿಸಿ, ಇಡೀ ಗೋಬಿಗೆ, ಆ ಪೀಡೆಗೂ, ಕೇಳುವಂತೆ ಕೂಗುತ್ತಾಳೆ: "ಇಲ್ಲ ಡಾಕ್ಟರಮ್ಮಾ, ಈ ಕೊಳಕು ನಾಯಿಮರಿ ಒಂದು ಕೂದಲಷ್ಟೂ ಬೆಳೆದಿಲ್ಲ!"