ಕುರ್ಚಿಗೆ ಹಾಕಿದ ಬರೆ

ತಾಯತ ಕಟ್ಟಿಕೊಂಡವರನ್ನು, ದಾರಿಯಲ್ಲಿ ಬಿದ್ದ ನಿಂಬೆಹಣ್ಣು ದಾಟಲು ಹೆದರುವವರನ್ನು ಕಂಡರೆ ಮುಖದ ಮೇಲೇ ನಗುತ್ತಿದ್ದವಳು ನಾನು. ಮಸ್ಕಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳಿಗೆ ಅಂಥದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ನೀವು ನಂಬಲೇಬೇಕೆಂದು ಹಟವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಅವ್ವ ನನ್ನನ್ನು ತುರ್ವಿಹಾಳದ ದೊಡ್ಡವ್ವನ ಮನೆಯಲ್ಲಿ ಬಿಟ್ಟು ಕೂಲಿಗೆಂದು ಗುಳೆ ಹೋದರು. ಒಂದು ದಿನ ಹಸಿವು ತಡೆಯದೆ, ಕೇಳದೆ ಬೆಲ್ಲ ತಿಂದೆ. ದೊಡ್ಡವ್ವ ರೊಟ್ಟಿ ಮಗುಚುವ ಕಬ್ಬಿಣದ ಸಟ್ಟುಗವನ್ನು ಕೆಂಪಗೆ ಕಾಯಿಸಿ ನನ್ನ ಎಡಗೈಗೆ, ಮೊಣಕೈ ಕೆಳಗೆ, ಬರೆ ಎಳೆದಳು. ಅವ್ವ ಬಂದು ಕೇಳಿದಾಗ, "ಕಾಮಾಲಿ ಆಗಿತ್ತವಾ, ಅದಕ್ಕ ಬರಿ ಹಾಕೀನಿ" ಅಂದುಬಿಟ್ಟಳು. ಕಾಮಾಲೆಗೆ ಬರೆ ಹಾಕುವುದು ನಮ್ಮ ಕಡೆಯ ಔಷಧ; ಮಗಳ ಜೀವ ಉಳಿಸಿದಳೆಂದು ಅವ್ವ ಅವಳ ಕಾಲಿಗೆ ಬಿದ್ದಳು. ಬರೆಗಿಂತ ಅದೇ ಹೆಚ್ಚು ಉರಿಯಿತು.

ಅಲ್ಲಿಂದ ಹೊಟ್ಟೆನೋವು ಶುರುವಾಯಿತು. ದೊಡ್ಡವಳಾದ ಮೇಲೆ ಬಿಪಿ ಬಂತು, ನಿದ್ದೆ ಹೋಯಿತು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಲಿಂಗಸುಗೂರಿನ ಡಾಕ್ಟರಮ್ಮ ರಿಪೋರ್ಟು ಬದಿಗಿಟ್ಟು ನನ್ನ ಕೈಯ ಕಲೆ ನೋಡಿದರು. ಎಲ್ಲ ಕೇಳಿದ ಮೇಲೆ ಹೇಳಿದರು: "ಸಣ್ಣವರಿದ್ದಾಗ ಆದದ್ದು ಇನ್ನೂ ಮೈಯಾಗ ಕುಂತೈತ್ರಿ. ಗುಳಿಗಿ ತಗೋರಿ. ಮನ್ಯಾಗ ಒಂದು ಖಾಲಿ ಕುರ್ಚಿ ಇಟ್ಟು, ನಿಮ್ಮ ದೊಡ್ಡವ್ವ ಕುಂತಾಳ ಅಂತ ತಿಳಕೊಂಡು ಹೇಳೋದೆಲ್ಲಾ ಹೇಳಿಬಿಡ್ರಿ."

ಹೊಟ್ಟೆನೋವಿಗೆ ಕುರ್ಚಿ ಔಷಧವಂತೆ! ನಗುತ್ತಲೇ ಊರಿಗೆ ಬಂದೆ. ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ, ಮನೆಗೆ ಬಂದು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಕುಳಿತೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಸಿಟ್ಟು ಬಂತು. ಒಳಗೆ ಹೋಗಿ ಗ್ಯಾಸ್ ಹಚ್ಚಿ ಸಟ್ಟುಗ ಕಾಯಿಸಿದೆ. ಡಾಕ್ಟರಮ್ಮ ಇದನ್ನು ಹೇಳಿರಲಿಲ್ಲ. ಕುರ್ಚಿಯ ಎಡಗೈ ಮೇಲೆ ಒತ್ತಿ ಹಿಡಿದೆ. ಪ್ಲಾಸ್ಟಿಕ್ ಚುರ್ರೆಂದು ಕರಗಿತು. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು.

ಸಂಜೆ ದೊಡ್ಡವ್ವನ ಸೊಸೆಯ ಫೋನ್ ಬಂತು. "ಅಕ್ಕಾ, ಅತ್ತಿ ಮಧ್ಯಾಹ್ನ ಮಲಗಿದ್ದೋರು ಚೀರಿ ಎದ್ದಾರ್ರಿ. ಕೈ ಸುಟ್ಟೈತಿ. ಒಲಿ ಹಚ್ಚಿಲ್ಲ, ಏನಿಲ್ಲ!"

ಮರುದಿನ ಸಿಂಧನೂರಿನಲ್ಲಿ ಬಸ್ಸು ಬದಲಿಸಿ ತುರ್ವಿಹಾಳಕ್ಕೆ ಹೋದೆ. ದೊಡ್ಡವ್ವನ ಎಡಗೈ ಮೇಲೆ, ಮೊಣಕೈ ಕೆಳಗೆ, ಎರಡು ಬೆರಳಗಲ ಬೊಬ್ಬೆ ಎದ್ದಿತ್ತು. ಮುದುಕಿ ನನ್ನನ್ನು ಕಂಡು ಸೆರಗು ಮುಚ್ಚಿಕೊಂಡಳು. ಅಯ್ಯೋ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಯಾಕ ದೊಡ್ಡವ್ವ, ಕಾಮಾಲಿ ಆಗಿತ್ತೇನು?"

ಅವಳು ಬಲಗೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಇನ್ನೊಂದು ಕೈನಾದ್ರೂ ಬಿಡವಾ, ತಾಯಿ" ಅಂದಳು.

ಕುರ್ಚಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಸೊಸೆಗೆ ತಿಳಿಯದೆ ಒಲೆ ಹಚ್ಚಿ, ಮುದುಕಿ ನಿದ್ದೆಗಣ್ಣಲ್ಲಿ ಬಿಸಿ ಪಾತ್ರೆ ತಗುಲಿಸಿಕೊಂಡಿರಬಹುದು. ಹಾಗಾದರೆ ಆ ಮಾತು ಏಕೆ ಆಡಿದಳು? ನನಗೆ ಗೊತ್ತಿಲ್ಲ. ಆ ದಿನದಿಂದ ಹೊಟ್ಟೆನೋವಿಲ್ಲ, ಬಿಪಿಯೂ ಇಳಿದಿದೆ. ಮನಸ್ಸು ಬಿಚ್ಚಿ ಮಾತಾಡಿದ್ದರ ಗುಣ ಎಂದು ಡಾಕ್ಟರಮ್ಮ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ.

ಕುರ್ಚಿ ಇನ್ನೂ ಮನೆಯಲ್ಲೇ ಇದೆ. ಅದರ ಬಲಗೈಗೆ ಏನೂ ಆಗಿಲ್ಲ. ಸಿಟ್ಟು ಬಂದ ದಿನ ಮಾತ್ರ ಸಟ್ಟುಗವನ್ನು ಪಕ್ಕದ ಮನೆಗೆ ಕೊಟ್ಟು ಬರುತ್ತೇನೆ.