ಭೀಮಬಾಯಿಯ ಏಳು ಹಲಗೆ

ಶನಿವಾರ ಬೆಳಗಿನ ಐದೂವರೆ. ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಹೊಡೆದ ಮರದ ಹಲಗೆಯ ಮುಂದೆ ಭೀಮಬಾಯಿ ನಿಂತಿದ್ದಾರೆ. ಕಂಕುಳಲ್ಲಿ ಪತ್ರಿಕೆಯ ಕಟ್ಟು, ಕಾಲ ಬಳಿ ಅಂಟಿನ ಬಕೆಟ್. ಹಳೆಯ ಹಾಳೆಯನ್ನು ಕೆರೆದು ತೆಗೆಯುವ ಮೊದಲು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಕೆಳಗಿನ ಮೂಲೆ ಪೂರಾ ಹರಿದುಹೋಗಿದೆ. ‘ಬಾಡಿಗೆಗೆ ಮನೆ’, ‘ಕೆಲಸಕ್ಕೆ ಬೇಕಾಗಿದ್ದಾರೆ’ ಇದ್ದ ಜಾಗ ಅದು.

“ಹರಿದದ ಅಂದ್ರ ಯಾರೋ ಓದ್ಯಾರ ಅಂತ ತಿಳ್ಕೊಂಡಿದ್ದೆರಿ,” ಎನ್ನುತ್ತಾರೆ. ಆ ನಂಬಿಕೆ ಇತ್ತೀಚೆಗೆ ಅಲುಗಾಡಿದೆ. ಕಾರಣ, ಕಗ್ಗದಾಸಪುರದ ಹಲಗೆ.

ಅವರು ಅಂಟಿಸುವುದು ‘ಮೂಡಲ ಮಾತು’ ಎಂಬ ನಾಲ್ಕು ಪುಟದ ವಾರಪತ್ರಿಕೆಯನ್ನು. ಕೆ.ಆರ್. ಪುರ ಇನ್ನೂ ಬೆಂಗಳೂರಿನಾಚೆಯ ಪುಟ್ಟ ಊರಾಗಿದ್ದ 1964ರಲ್ಲಿ ಶ್ರೀನಿವಾಸಮೂರ್ತಿ ಎಂಬ ಮೇಷ್ಟ್ರು ಮನೆಯ ಪಡಸಾಲೆಯಲ್ಲೇ ಅಚ್ಚಿನ ಮೊಳೆ ಜೋಡಿಸಿ ಇದನ್ನು ಶುರುಮಾಡಿದರು. ಸಂತೆ, ಶಾಲೆ, ಕೆರೆಯ ನೀರು, ಯಾರ ಮನೆಯಲ್ಲಿ ಮದುವೆ, ಇವೇ ಸುದ್ದಿ. ಕೊಳ್ಳಲಾಗದವರು ನಿಂತು ಓದಲಿ ಎಂದು ಊರಿನ ನಾಲ್ಕು ಕಡೆ ಹಲಗೆ ಹೊಡೆಸಿದವರೂ ಅವರೇ. ಒಂದು ಕಾಲಕ್ಕೆ ಹಲಗೆಗಳು ಹತ್ತೊಂಬತ್ತಾಗಿದ್ದವು. ಆಮೇಲೆ ರಸ್ತೆ ಅಗಲವಾಯಿತು, ಮೆಟ್ರೊ ಬಂತು, ಗೋಡೆಗಳೇ ಹೋದವು. ಈಗ ಉಳಿದಿರುವುದು ಏಳು. ಮೇಷ್ಟ್ರ ಸೊಸೆ ವೇದಾ ಸಂಪಾದಕಿ, ಮೊಮ್ಮಗ ಕಶ್ಯಪ್ ಉಳಿದದ್ದೆಲ್ಲ.

ಭೀಮಬಾಯಿ ಯಾದಗಿರಿ ಕಡೆಯವರು. ಗಂಡ ಭಗವಂತರಾಯರ ಜೊತೆ ಗಾರೆ ಕೆಲಸಕ್ಕೆ ಬಂದು ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಹಿಡಿದವರು. ಗಂಡ ಮೂರನೇ ಮಹಡಿಯಿಂದ ಬಿದ್ದು ಸೊಂಟ ಹೋದ ಮೇಲೆ ಪತ್ರಿಕೆಯ ಕಚೇರಿಯಲ್ಲಿ ಕಸ ಗುಡಿಸಲು ಸೇರಿದರು. ಹಲಗೆಯ ಕೆಲಸವೂ ಅವರಿಗೇ ಬಂತು. ಅದಕ್ಕೆ ಈಗ ಇಪ್ಪತ್ತೊಂದು ವರ್ಷ.

ಗೋಡೆಗೆ ಅಂಟಿಸಿದರೆ ಹಾಳೆಯ ಒಂದು ಬದಿ ಮರೆಯಾಗುತ್ತದೆ. ಹಾಗಾಗಿ ಒಂದು ಹಲಗೆಗೆ ಎರಡು ಪ್ರತಿ ಬೇಕು. ಇದು ಗೊತ್ತಿಲ್ಲದೆ ಭೀಮಬಾಯಿ ಮೊದಲ ವಾರ ಎರಡನ್ನೂ ಮುಖಪುಟವೇ ಕಾಣುವಂತೆ ಅಂಟಿಸಿ ಬಂದಿದ್ದರು. ಒಳಪುಟದ ಬಾಡಿಗೆ ಮನೆಗಳೆಲ್ಲ ಆ ವಾರ ಗೋಡೆ ನೋಡುತ್ತಿದ್ದವು. ವೇದಾ ಬೈಯಲಿಲ್ಲ. ಅಂಟು ಬಳಿಯಬೇಕಾದ ಬದಿಗೆ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರು. ಇವತ್ತಿಗೂ ಹಾಕಿ ಕೊಡುತ್ತಾರೆ. “ಈಗ ನಾ ದಪ್ಪ ಅಕ್ಷರ ಓದ್ತೀನ್ರಿ. ಆದ್ರೂ ಅಮ್ಮೋರು ಗುರ್ತಾ ಬಿಡಂಗಿಲ್ಲ.”

ಶುಕ್ರವಾರ ಸಂಜೆ ಮೈದಾಹಿಟ್ಟಿಗೆ ಚೂರು ಮೈಲುತುತ್ತ ಹಾಕಿ ಅಂಟು ಕುದಿಸುತ್ತಾರೆ. ಹುಳು ತಿನ್ನದಿರಲೆಂದು. ಬೆಳಗಿನ ಮೊದಲ ಬಸ್ಸಿಗೆ ಹದಿನಾರು ಪ್ರತಿಯ ಕಟ್ಟು ಹಿಡಿದು ಹೊರಡುತ್ತಾರೆ. ಅದರಲ್ಲಿ ಹದಿನಾಲ್ಕು ಪ್ರತಿ ಏಳು ಹಲಗೆಗಳಿಗೆ. ಗುರುತಿಲ್ಲದ ಎರಡು ಅವರ ಮನೆಗೆ. ಒಂದನ್ನು ಸೊಸೆ ಸುಜಾತಾ ಮಾವನಿಗೆ ಓದಿ ಹೇಳುತ್ತಾಳೆ, ಇನ್ನೊಂದು ಕಪಾಟಿಗೆ ಹಾಸಲು.

ಮೂರು ತಿಂಗಳ ಹಿಂದೆ ಕಶ್ಯಪ್ ಕರೆದು ಹೇಳಿದ್ದರು: “ಭೀಮಕ್ಕ, ಇಷ್ಟೊಂದು ಹಲಗೆ ಯಾಕೆ? ಯಾರೂ ಓದದೇ ಇರೋದು ಒಂದನ್ನಾದ್ರೂ ತೆಗೆದ್ಬಿಡೋಣ. ಯಾವ್ದು ಅಂತ ನೀವೇ ಹೇಳ್ಬೇಕು. ನಾನಂತೂ ಐದೂವರೆಗೆ ಏಳೋ ಗಿರಾಕಿ ಅಲ್ಲ.”

ಭೀಮಬಾಯಿ ನಾಲ್ಕು ಶನಿವಾರ ನೋಡಿದರು. ಆರು ಹಲಗೆಗಳ ಹಾಳೆ ಹರಿದಿತ್ತು. ಕಗ್ಗದಾಸಪುರದ್ದು ಮಾತ್ರ ಹಾಕಿದ ಹಾಗೇ ಇತ್ತು. “ಇಸ್ತ್ರಿ ಮಾಡಿ ಇಟ್ಟಂಗಿತ್ತರಿ. ಅದನ್ನ ತಗೀರಿ ಯಪ್ಪಾ ಅಂದೆ.” ಕಟ್ಟಿನಲ್ಲಿ ಎರಡು ಪ್ರತಿ ಕಡಿಮೆಯಾದವು.

ಎರಡು ವಾರ ಕಳೆದು ಹಲಗೆ ಬಿಚ್ಚಿ ತರಲೆಂದು ಸುತ್ತಿಗೆ ಹಿಡಿದು ಹೋದರು. ಹಗಲು ಹತ್ತು ಗಂಟೆಗೆ ಅವರು ಅಲ್ಲಿಗೆ ಹೋದದ್ದು ಅದೇ ಮೊದಲು. ಹಲಗೆಯ ಪಕ್ಕದಲ್ಲಿ ಒಂದು ಇಸ್ತ್ರಿ ಗಾಡಿ ನಿಂತಿತ್ತು. ಗಾಡಿಯ ಫಹ್ಮಿದಾ ಸುತ್ತಿಗೆ ನೋಡಿದವಳೇ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

“ಪೇಪರ್ ಹಾಕೋ ಅಮ್ಮ ನೀವೇನಾ? ಎರಡು ವಾರದಿಂದ ಎಲ್ಲಿ ಹೋಗಿದ್ರಿ? ಬಂದೋರೆಲ್ಲ ನನ್ನ ಕೇಳ್ತಾರೆ, ನಾನೇನು ಪೇಪರ್ ಆಫೀಸಾ?”

“ಇಲ್ಲಿ ಯಾರೂ ಓದಂಗಿಲ್ಲಲ್ಲವ್ವ. ಒಂದು ಚೂರೂ ಹರಿದಿರಂಗಿಲ್ಲ.”

“ಹರಿಯೋಕೆ ನಾನು ಬಿಟ್ರೆ ತಾನೆ?” ಎಂದು ಫಹ್ಮಿದಾ ಗಾಡಿಯ ಕಂಬ ತೋರಿಸಿದಳು. ದಾರ ಕಟ್ಟಿದ ಒಂದು ಪೆನ್ನು, ಮೊಳೆಗೆ ಚುಚ್ಚಿದ ಚೀಟಿಗಳು. “ನಂಬರ್ ಬರ್ಕೊಂಡ್ ಹೋಗಿ, ಹರೀಬೇಡಿ ಅಂತೀನಿ. ಒಬ್ರು ಹರಿದ್ರೆ ಹಿಂದೆ ಬರೋರಿಗೆ ಏನಿರುತ್ತೆ? ನಾನು ದಿನಾ ಸ್ವಲ್ಪ ಸ್ವಲ್ಪ ಓದಿ ಶುಕ್ರವಾರಕ್ಕೆ ಮುಗಿಸ್ತೀನಿ.”

ಭೀಮಬಾಯಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು. ತಾನೇ ಹೇಳಿ ತೆಗೆಸಿದ್ದನ್ನು ಮತ್ತೆ ಕೇಳಲು ಬಾಯಿ ಬರಲಿಲ್ಲ. ಮುಂದಿನ ಶನಿವಾರ ಮನೆಯ ಎರಡು ಪ್ರತಿಗಳನ್ನು ಕಗ್ಗದಾಸಪುರದಲ್ಲಿ ಅಂಟಿಸಿದರು. ಗುರುತಿಲ್ಲದ ಹಾಳೆಗಳು. ಯಾವ ಬದಿ ಎಂದು ದಪ್ಪ ಅಕ್ಷರ ಓದಿಯೇ ಅಂಟು ಬಳಿದರು. ಐದು ವಾರ ಹೀಗೇ ನಡೆಯಿತು. “ನಮ್ಮವ್ರು ಬೈದ್ರರಿ, ನನ್ನ ಪೇಪರ್ ಎಲ್ಲಿ ಅಂತ. ಬಸ್ಸಿನಾಗ ಬಿಟ್ಟೆ ಅಂದೆ. ಪ್ರತಿ ವಾರಾನೂ ಬಿಡ್ತೀಯೇನು ಅಂದ್ರು.”

ವಿಷಯ ಬಯಲು ಮಾಡಿದವಳು ಫಹ್ಮಿದಾಳೇ. ಪತ್ರಿಕೆಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ನಮ್ಮ ಹಲಗೆಗೆ ಮತ್ತೆ ಪೇಪರ್ ಹಾಕಿದ್ದಕ್ಕೆ ಥ್ಯಾಂಕ್ಸ್ ಎಂದಳು. ಫೋನ್ ತೆಗೆದವರು ಕಶ್ಯಪ್. ಆ ಶನಿವಾರ ಕಟ್ಟು ಬಿಚ್ಚಿದಾಗ ಹದಿನಾರು ಪ್ರತಿಗಳಿದ್ದವು. ಹದಿನಾಲ್ಕರ ಮೇಲೆ ನೀಲಿ ಗುರುತಿತ್ತು.

ಟಿನ್ ಫ್ಯಾಕ್ಟರಿಯಲ್ಲಿ ಬೆಳಕು ಹರಿಯುತ್ತಿದೆ. ಹೊಸ ಹಾಳೆಯನ್ನು ಅಂಗೈಯಿಂದ ಸವರಿ ಕೂರಿಸಿ, ಭೀಮಬಾಯಿ ಸೆರಗಿನ ಗಂಟಿನಿಂದ ಒಂದು ಪೆನ್ನು, ಒಂದು ಮೊಳ ದಾರ ತೆಗೆಯುತ್ತಾರೆ. ಹಲಗೆಯ ಮೊಳೆಗೆ ಬಿಗಿಯಾಗಿ ಕಟ್ಟಿ, ಎಳೆದು ನೋಡುತ್ತಾರೆ.

“ಫಹ್ಮಿದಾಂದು ಹಿಡದು ಇದು ಮೂರನೇದ್ರಿ. ಇನ್ನ ನಾಕು ಕಟ್ಟೂದದ. ಮಂದಿ ಪೆನ್ನ ಹರಕೊಂಡು ಹೋಗ್ತಾರ, ನನಗ ಗೊತ್ತದ. ಹೋಗ್ಲಿ, ಮತ್ತ ಕಟ್ತೀನಿ. ಪೇಪರ್ ಒಂದು ಶುಕ್ರವಾರದ ತನ ಉಳದ್ರ ಸಾಕ್ರಿ.”