ಹೊಸ್ತಿಲಿಗೆ ಬಿದ್ದ ಕೈ

ಇಳಕಲ್ಲಿನಲ್ಲಿ ಈಗ ಸೀರೆ ಮಾರುವವರಿಗೂ ವೆಬ್‌ಸೈಟ್, ಬೋರ್‌ವೆಲ್ ಕೊರೆಯುವವರಿಗೂ ವೆಬ್‌ಸೈಟ್. ಹಲ್ಲು ಕೀಳುವವರಿಗಂತೂ ಒಬ್ಬೊಬ್ಬರಿಗೆ ಎರಡೆರಡು. ಎಲ್ಲದರ ಮೇಲೂ ಒಂದೇ ಗಿಳಿಪಾಠ: ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರೇ ನಮ್ಮ ದೇವರು. ಓದಿದರೆ ಸೀರೆಯ ಅಂಗಡಿ ಯಾವುದು, ಹಲ್ಲಿನ ದವಾಖಾನೆ ಯಾವುದು ಗೊತ್ತಾದರೆ ಕೇಳಿ! ಇಂಥದರ ನಡುವೆ ಸಾಯಿಮಾ ಬರೆದುಕೊಟ್ಟದ್ದು ಮಾತ್ರ ಓದಿಸಿಕೊಂಡು ಹೋಗುತ್ತಿತ್ತು. ಹುನಗುಂದದಲ್ಲಿ ಕಾಲೇಜು ಕಲಿತ ಹುಡುಗಿ, ಓದಿದ್ದು ಕನ್ನಡ. ಅಂಗಡಿಯವರು ಹೇಳಿದ್ದಕ್ಕೆಲ್ಲ ಹೂಂ ಅಂದು, ಆಮೇಲೆ ಅವರ ಗಿರಾಕಿಗಳ ಮನೆ ಹೊಕ್ಕು, ಚಹಾ ಕುಡಿದು, ಮಾತಾಡಿಸಿ, ಕೇಳಿದ್ದನ್ನೇ ಬರೆಯುವವಳು. ತಾನು ನೋಡದ್ದನ್ನು, ಯಾರೂ ಹೇಳದ್ದನ್ನು ಬರೆಯುವುದಿಲ್ಲವೆಂಬ ಹಟ ಬೇರೆ. ಇದರಿಂದ ಕೆಲಸ ನಿಧಾನವಾಗುತ್ತಿತ್ತು, ಬೈಸಿಕೊಳ್ಳುವುದೂ ಇತ್ತು.

ಅಂಥವಳನ್ನು ಮಲಕಪ್ಪ ಕಾಕಾ ಕರೆದು, "ಎಲ್ಲಾರಿಗೂ ಬರದ ಕೊಡ್ತಿ, ನಮ್ಮ ಜೋಡಿಗೆ ಯಾವಾಗ ಬರೀತಿಯವಾ?" ಎಂದಾಗ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೋಡಿ ಕನ್‌ಸ್ಟ್ರಕ್ಷನ್ಸ್ ಎಂಬುದು ಇಬ್ಬರ ಸಣ್ಣ ಗುತ್ತಿಗೆ ವ್ಯವಹಾರ. ಒಬ್ಬ ಮಲಕಪ್ಪ, ಇನ್ನೊಬ್ಬ ಸಾಯಿಮಾಳ ತಂದೆ ಅರ್ಷದ. ಬಾಗಲಕೋಟೆಯ ನವನಗರದಲ್ಲಿ ಸಾಲುಸಾಲು ಮನೆಗಳು ಏಳುತ್ತಿದ್ದ ಕಾಲಕ್ಕೆ ಇಬ್ಬರೂ ಗಾರೆ ಕೆಲಸ ಮಾಡುವ, ಮೀಸೆ ಮೂಡದ ಗೌಂಡಿಗಳು. ಒಬ್ಬನ ಬುತ್ತಿಯ ರೊಟ್ಟಿಯನ್ನು ಇನ್ನೊಬ್ಬ ಹರಿದು ತಿಂದವರು. ಆಮೇಲೆ ಜೊತೆಗೇ ಗುತ್ತಿಗೆ ಹಿಡಿದರು. ಗಿರಾಕಿಗಳ ಮಾತುಕತೆ, ಕಚೇರಿಗಳ ಓಡಾಟ ಮಲಕಪ್ಪನ ಪಾಲಿಗೆ; ಕಲ್ಲು, ಗೋಡೆ, ಆಳುಗಳು ಅರ್ಷದನ ಪಾಲಿಗೆ. ಸಾಯಿಮಾ ಸಣ್ಣವಳಿದ್ದಾಗ ಮಲಕಪ್ಪನ ಸ್ಕೂಟರಿನ ಮುಂದೆ ನಿಂತುಕೊಂಡೇ ಊರೆಲ್ಲ ನೋಡಿದ್ದಳು.

ಜನ ಜೋಡಿಯನ್ನು ಹುಡುಕಿಕೊಂಡು ಬರಲು ಇನ್ನೊಂದು ಕಾರಣವಿತ್ತು, ಅದು ಅರ್ಷದನ ಕೈಗುಣ. ಈ ಸೀಮೆಯಲ್ಲಿ ಮನೆ ಕಟ್ಟಿಸುವವರು ಹೊಸ್ತಿಲು ಕೂಡಿಸುವುದನ್ನು ಒಂದು ಲಗ್ನದಷ್ಟು ದೊಡ್ಡದು ಮಾಡುತ್ತಾರೆ. ಅಡಿಯಲ್ಲಿ ಚೂರು ಬಂಗಾರ, ಹಿಡಿ ಕಾಳು ಹಾಕಿ, ಪೂಜೆ ಮಾಡಿ, ಗಾರೆ ಹಾಕುವ ಕರಣಿಯನ್ನು ಯಾರ ಕೈಗೆ ಕೊಡಬೇಕೆಂದು ಮನೆಮಂದಿಯೆಲ್ಲ ಕೂತು ಯೋಚಿಸುತ್ತಾರೆ. ಅರ್ಷದನ ಕೈಗೆ ಆ ಹೆಸರು ಬಂದದ್ದು ಮಲಕಪ್ಪನ ಮನೆಯಿಂದಲೇ. ಹಳೇ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ನವನಗರದಲ್ಲಿ ಹೊಸದು ಕಟ್ಟುವಾಗ ಅವನ ತಾಯಿ ಸಕ್ರವ್ವ, "ಒಂದ ಮನಿ ನೀರ ಪಾಲಾತು. ಇದಕ್ಕರ ಅರ್ಷದನ ಕೈ ಬೀಳಲಿ. ಆ ಹುಡುಗನ ಕೈ ತಣ್ಣಗೈತಿ" ಎಂದು ಹಟ ಹಿಡಿದಳಂತೆ. ಮುಂದೆ ಆ ಮನೆಯಲ್ಲಿ ಲಗ್ನಗಳಾದವು, ತೊಟ್ಟಿಲು ತೂಗಿದವು. ಮುದುಕಿ ಸಾಯುವ ತನಕ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಇದನ್ನು ಸಾಯಿಮಾಗೆ ಹೇಳಿದವನು ಬೇರೆ ಯಾರೂ ಅಲ್ಲ, ಮಲಕಪ್ಪನೇ. ಹೇಳುತ್ತ ಹೇಳುತ್ತ ಅವನ ಕಣ್ಣು ಒದ್ದೆಯಾಗಿತ್ತು.

ಅವಳು ಬರೆದಳು. ಬಾದಾಮಿ, ಹುನಗುಂದ, ಮರೋಳ ಎಂದು ಜೋಡಿಯವರು ಕಟ್ಟಿದ ಮನೆಗಳನ್ನೆಲ್ಲ ತಿರುಗಿ, ಹೆಣ್ಣುಮಕ್ಕಳನ್ನು ಮಾತಾಡಿಸಿ ಬರೆದಳು. ಅಪ್ಪನ ಬಗ್ಗೆ ಬರೆಯುವಾಗ ಮಾತ್ರ ಹತ್ತು ಸಲ ಅಳಿಸಿದಳು. ಅಷ್ಟು ವರ್ಷ ದುಡಿದ ಮನುಷ್ಯನ ಹೆಸರು ಒಂದು ಬೋರ್ಡಿನ ಮೇಲೂ ಬಂದಿರಲಿಲ್ಲ, ಒಂದು ಚೀಟಿಯ ಮೇಲೂ ಅಚ್ಚಾಗಿರಲಿಲ್ಲ. ಒಮ್ಮೆಯಾದರೂ ನಾಲ್ಕು ಜನ ಓದುವಂತಾಗಲಿ ಎಂಬುದೊಂದೇ ಅವಳ ಆಸೆ. ಕೊನೆಗೆ ಹೀಗೆ ಬರೆದಳು: "ಅರ್ಷದ ಅವರ ಕೈ ಬಿದ್ದ ಹೊಸ್ತಿಲಿನ ಮನೆಯಲ್ಲಿ ಹಾಲು ಉಕ್ಕಲಿಲ್ಲವೆಂದು ಇದುವರೆಗೆ ಯಾರೂ ಹೇಳಿಲ್ಲ." ಮಲಕಪ್ಪ ಓದಿ, "ಭಾಳ ಛಲೋ ಬರದೀ ನನ್ನವ್ವ" ಎಂದು ತಲೆ ಸವರಿದ. ವೆಬ್‌ಸೈಟ್ ಯಾವಾಗ ತೆರೆಯುತ್ತದೆಂದು ಕೇಳಿದರೆ, "ಕಂಪ್ಯೂಟರ್ ಹುಡುಗ್ರು ಏನೇನೋ ಜೋಡಸಾಕತ್ತಾರ, ತಡಿ" ಅನ್ನುತ್ತಿದ್ದ. ಅವಳು ತಡೆದಳು.

ಅಷ್ಟರಲ್ಲಿ ಕೆರೂರಿನ ಸಾವಿತ್ರೆವ್ವ ಎಂಬವಳ ಮನೆಯ ಹೊಸ್ತಿಲು ಕೂಡಿಸುವ ದಿನ ಬಂತು. "ಫೋಟೋ ತಗೀಯಾಕ ಬಾ, ಮುಂದ ಹಾಕೂಣಂತ" ಎಂದು ಮಲಕಪ್ಪ ಅವಳನ್ನೂ ಕರೆದ. ಬೆಳಿಗ್ಗೆ ಅಪ್ಪ ಮಗಳು ಬಸ್ಸಿಳಿದು ಹೋದಾಗ ಇಳಕಲ್ಲಿನ ಕೆಂಪು ಕಲ್ಲಿನ ಹೊಸ್ತಿಲಿಗೆ ಆಗಲೇ ವಿಭೂತಿ ಹಚ್ಚಿ ಹೂವು ಏರಿಸಿದ್ದರು. ಅರ್ಷದ ಯಾವಾಗಿನ ಹಾಗೆ ಕೈಕಾಲು ತೊಳೆದು, ತಲೆಗೆ ವಸ್ತ್ರ ಸುತ್ತಿಕೊಂಡು ಮುಂದೆ ಬಂದ. ಸಾವಿತ್ರೆವ್ವ ಅರಿಷಿಣ ಹಚ್ಚಿದ ಕರಣಿ ಹಿಡಿದು ಬಂದವಳು ಅವನನ್ನು ದಾಟಿ ಮಲಕಪ್ಪನ ಮುಂದೆ ನಿಂತಳು.

"ಹಿಡೀರಿ ಮಲಕಪ್ಪನವರ. ನಿಮ್ಮ ಕೈಗುಣದ ಸಲುವಾಗೇ ನಿಮ್ಮನ್ನ ಹುಡಿಕ್ಯಾಡಿದ್ದು. ಫೋನಿನ್ಯಾಗ ಓದೇನ್ರಿ, ನಿಮ್ಮ ಕೈ ಬಿದ್ದ ಮನ್ಯಾಗ ಹಾಲ ಉಕ್ಕಲಿಲ್ಲಂತ ಯಾರೂ ಹೇಳಿಲ್ಲಂತ!"

ಸಾಯಿಮಾ ತಲೆ ಎತ್ತಿ ನೋಡಿದಳು. ತನ್ನದೇ ಮಾತು! ಮಲಕಪ್ಪ ಒಂದು ಗಳಿಗೆ ತಡವರಿಸಿದ. ಈಗ ಹೇಳುತ್ತಾನೆ, ಅದು ನಾನಲ್ಲ, ಇವನು ಎಂದು ಈಗ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಕರಣಿ ಇಸಿದುಕೊಂಡ. ಸಾವಿತ್ರೆವ್ವ ಪಕ್ಕದಲ್ಲಿ ನಿಂತ ಅರ್ಷದನನ್ನು ನೋಡಿ, "ಇವರ್ಯಾರ್ರಿ?" ಎಂದು ಕೇಳಿದಳು.

"ನಮ್ಮ ಗೌಂಡಿರಿ" ಎಂದ ಮಲಕಪ್ಪ.

ಸಾಯಿಮಾ ಅಲ್ಲಿಯೇ ಫೋನು ತೆರೆದು ಹುಡುಕಿದಳು. ವೆಬ್‌ಸೈಟ್ ಎಂದೋ ತೆರೆದಿತ್ತು. ಅವಳು ಬರೆದದ್ದರಲ್ಲಿ ಒಂದು ಅಲ್ಪವಿರಾಮವೂ ಅತ್ತಿತ್ತ ಆಗಿರಲಿಲ್ಲ. ಅಪ್ಪನ ಹೆಸರಿದ್ದಲ್ಲೆಲ್ಲ ಮಲಕಪ್ಪನ ಹೆಸರು. ಅಪ್ಪನ ಫೋಟೋ ಇಲ್ಲ. ಸಕ್ರವ್ವ ಹಟ ಹಿಡಿದದ್ದೂ ಇತ್ತು, ಆದರೆ ಈಗ ಅವಳು ಹಟ ಹಿಡಿದದ್ದು ತನ್ನ ಮಗನ ಕೈಗಾಗಿ! ಸತ್ತ ತಾಯಿಯ ಬಾಯಿಗೂ ಸುಳ್ಳು ತುರುಕಿದ್ದ ಪುಣ್ಯಾತ್ಮ. ಜೋಡಿ ಎಂದರೆ ಏನೆಂಬುದಕ್ಕೂ ಒಂದು ಸಾಲು ಸೇರಿತ್ತು: ಮನೆ ಕಟ್ಟುವವರ ಮತ್ತು ಕಟ್ಟಿಸುವವರ ಜೋಡಿ.

ಅವಳು ಅಪ್ಪನ ತೋಳು ಹಿಡಿದು ಬದಿಗೆ ಕರೆದಳು. ಮನೆಯಲ್ಲಿ ಉರ್ದು ಆಡುವವರು, ಅಪ್ಪನನ್ನು ಅಬ್ಬಾ ಎನ್ನುವುದೊಂದನ್ನು ಬಿಟ್ಟು, ಕೆಲಸದ ಸೈಟಿನಲ್ಲಿ ಕನ್ನಡವನ್ನೇ ಆಡುವುದು ರೂಢಿ.

"ಅಬ್ಬಾ, ನೋಡ್ರಿ ಇಲ್ಲಿ, ಕಾಕಾ ಏನ ಮಾಡ್ಯಾರ!"

ಅರ್ಷದ ಫೋನಿನ ಕಡೆ ನೋಡಲೇ ಇಲ್ಲ. "ಗೊತ್ತೈತಿ" ಎಂದ.

"ಗೊತ್ತೈತಿ?"

"ನನ್ನ ಕೇಳೇ ಮಾಡ್ಯಾನ. ಈಗ ಜನಾ ಹೆಸರ ನೋಡೇ ಹಿಂದ ಸರೀತಾರ, ಕೆಲಸ ಕಡಿಮಿ ಆಗ್ಯಾವ ಅಂದ. ಹೂಂ ಅಂದೆ."

"ನನಗ್ಯಾಕ ಹೇಳಲಿಲ್ಲ?"

"ಭಾಳ ಖುಷೀಲೆ ಬರದಿದ್ದಿ" ಎಂದು ಅರ್ಷದ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಕಾಕಾ ಮೋಸ ಮಾಡಿದ್ದು ಒಂದು ಕಡೆ. ಅಪ್ಪನೂ ಅದರೊಳಗೆ ಸೇರಿ ತನ್ನೆದುರು ಸುಮ್ಮನಿದ್ದದ್ದು ಇನ್ನೊಂದು ಕಡೆ. ಯಾರ ಮೇಲೆ ಸಿಟ್ಟಾಗಬೇಕು ಹೇಳಿ? ಅವಳಿಗೆ ಅಳು ಬಂತು. ಅತ್ತರೆ ಶುಭಕಾರ್ಯದಲ್ಲಿ ಅಪಶಕುನವೆಂದಾರು ಎಂದು ಅದನ್ನೂ ನುಂಗಿದಳು.

ಅತ್ತ ಮಲಕಪ್ಪ ಗಾರೆಯೇನೋ ಹಾಕಿದ. ಕಲ್ಲನ್ನು ಕೂಡಿಸಲು ಹೋದರೆ ಅದು ಒಂದು ಮಗ್ಗುಲಿಗೆ ಜಗ್ಗಿತು. ಕರಣಿ ಮುಟ್ಟದೆ ಎಷ್ಟು ವರ್ಷವಾಗಿತ್ತೋ! ಮೆಲ್ಲಗೆ, "ಅರ್ಷದ, ಹಿಡೀಲೇ ಒಂದೀಟ" ಎಂದ. ಅರ್ಷದ ಹೋಗಿ ಕೂತ. ಒಂದು ಕೈ ಕಲ್ಲಿನ ಅಡಿಗೆ ಕೊಟ್ಟು ಎತ್ತಿ, ಅಂಗೈಯಿಂದ ತಟ್ಟಿ ಕೂಡಿಸಿದ. ಹೆಣ್ಣುಮಕ್ಕಳು ಆರತಿ ಎತ್ತಿದರು. ಸಾಯಿಮಾ ಫೋಟೋ ತೆಗೆದಳು. ನಗುತ್ತಿರುವ ಮಲಕಪ್ಪ, ಅವನ ಕೈಯಲ್ಲಿ ಕರಣಿ. ಬದಿಯಿಂದ ಬಂದು ಹೊಸ್ತಿಲಿನ ಮೇಲೆ ಒತ್ತಿದ ಇನ್ನೊಂದು ಕೈ.

ಊಟದ ಹೊತ್ತಿಗೆ ಮಲಕಪ್ಪ ಬಂದು ಫೋಟೋ ನೋಡಿದ. "ಛಲೋ ಬಂದೈತಿ. ಆ ಕೈ ಒಂದ ತಗದ ಬಿಡವಾ."

"ಅದು ಯಾರ ಕೈ ಕಾಕಾ?"

ಮಲಕಪ್ಪ ಅತ್ತಿತ್ತ ನೋಡಿ ದನಿ ಇಳಿಸಿದ. "ಸಿಟ್ಟಾಗಬ್ಯಾಡ. ಕಾಲ ಅಂಥಾದ್ದು ಬಂದೈತಿ, ನಾ ಏನ ಮಾಡ್ಲಿ? ನನಗ ಕೆಲಸ ಬಂದ್ರ ನಿಮ್ಮಪ್ಪಗೂ ಬಂದಂಗ ಅಲ್ಲೇನು?"

ಅವಳು ಫೋನನ್ನು ಅವನ ಮುಂದೆ ಹಿಡಿದಳು. "ನನ್ನ ಕೈಲೆ ಆಗೂದಿಲ್ಲ. ನೀವ ತಗೀರಿ."

ಅವನ ಕೈಲೂ ಆಗುವುದಿಲ್ಲವೆಂದು ಅವಳು ನಂಬಿದ್ದಳು. ತನ್ನ ಜೊತೆ ಒಂದೇ ಬುತ್ತಿ ಉಂಡ ಕೈ, ತನ್ನ ತಾಯಿಯ ಮನೆಗೆ ಹೊಸ್ತಿಲು ಕೂಡಿಸಿದ ಕೈ, ಅದನ್ನು ತೆಗೆಯಲು ಅವನಿಗೆ ಹೇಗೆ ಆದೀತು? ಮಲಕಪ್ಪ ಚಷ್ಮಾ ಏರಿಸಿಕೊಂಡು, ಎಲ್ಲಿ ಒತ್ತಬೇಕೆಂದು ಅವಳನ್ನೇ ಕೇಳಿ, ಬೆರಳಿನಿಂದ ಗೆರೆ ಎಳೆದು ಕೈಯನ್ನು ಕತ್ತರಿಸಿ ಹಾಕಿದ. "ಇಷ್ಟ ಮಾಡೂದಿತ್ತ ನೋಡು" ಎಂದು ಫೋನು ವಾಪಸು ಕೊಟ್ಟು ಊಟಕ್ಕೆ ಹೋದ.

ಅರ್ಷದ ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಉಗುರಿನ ಸಂದಿಯ ಸಿಮೆಂಟು ತೆಗೆಯುತ್ತ ಕೂತಿದ್ದ. ಮಗಳನ್ನು ಕಂಡು, ಏನೂ ಆಗಿಲ್ಲವೆಂಬಂತೆ, "ಫೋಟೋ ಛಲೋ ಬಂದಾವೇನವಾ?" ಎಂದು ಕೇಳಿದ.

"ಬಂದಾವ" ಎಂದಳು ಸಾಯಿಮಾ. "ನೀವ ಬಂದಿಲ್ಲ ಅಬ್ಬಾ."